ಲೇತಿಗೂ ಕುಂಕುಮ

ಆಯುಧಪೂಜೆಯ ದಿನ ಹೆಚ್ಚುವುದು, ರುಬ್ಬುವುದು, ತುರಿಯುವುದು ಎಲ್ಲ ಪೂಜೆಗೆ ಮೊದಲೇ ಮುಗಿಯಬೇಕು. ಒಮ್ಮೆ ಕುಂಕುಮ ಇಟ್ಟಮೇಲೆ ಈಳಿಗೆಮಣೆಯನ್ನಾಗಲಿ ಮಿಕ್ಸಿಯನ್ನಾಗಲಿ ಮಾರನೆಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ಆ ಬೆಳಗ್ಗೆಯೂ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹುರುಳಿಕಾಯಿ ಹೆಚ್ಚಿದ್ದೆ, ಕಾಯಿ ತುರಿದಿದ್ದೆ, ಚಟ್ನಿ ರುಬ್ಬಿದ್ದೆ, ಕೋಸಂಬರಿಗೆ ಸೌತೆಕಾಯಿ ಕೊಚ್ಚಿದ್ದೆ. ಚಿತ್ರಾನ್ನಕ್ಕೆಂದು ನಿಂಬೆಹಣ್ಣನ್ನೂ ಹೋಳು ಮಾಡಿ ಮುಚ್ಚಿಟ್ಟಿದ್ದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಯಜಮಾನರಿಗೆ ಪೇಪರು, ಅತ್ತೆಗೆ ಕಾಫಿ. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಅಷ್ಟು ಹೊತ್ತಿಗಾಗಲೇ ಯಾರೋ ಲಾರಿಗೆ ಬೂದುಗುಂಬಳಕಾಯಿ ಒಡೆದು, ಅದರ ಮೇಲೆ ಒಂದು ಸ್ಕೂಟರು ಜಾರಿ, ಇಬ್ಬರು ಜಗಳವಾಡಿ ಮುಗಿಸಿದ್ದರು.

ಕೈ ಅಡುಗೆಮನೆಯಲ್ಲಿತ್ತು, ಮನಸ್ಸು ಟೆರೇಸಿನ ಮೇಲಿನ ರೂಮಿನಲ್ಲಿ. ಅಲ್ಲಿ ನನ್ನ ಲೇತ್ ಇದೆ. ಮೇಜಿನ ಮೇಲೆ ಕೂರುವ ಪುಟ್ಟ ಮಷೀನು, ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಿಂತ ಸ್ವಲ್ಪ ಉದ್ದ. ಲೋಹದ ತುಂಡನ್ನು ಅದರ ಚಕ್ ಎಂಬ ಉಕ್ಕಿನ ಹಿಡಿತಕ್ಕೆ ಕಚ್ಚಿಸಿ ತಿರುಗಿಸಿದರೆ, ಪಕ್ಕದಿಂದ ಬರುವ ಉಳಿ ಅದನ್ನು ಪದರ ಪದರವಾಗಿ ಹೆರೆಯುತ್ತದೆ. ಅದನ್ನು ಕೊಂಡವರು ಯಜಮಾನರು. ರಿಟೈರ್ ಆದಮೇಲೆ ಪುಟ್ಟ ಇಂಜಿನ್ನುಗಳನ್ನು ಮಾಡುತ್ತೇನೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತರಿಸಿದರು. ಹೆಬ್ಬೆರಳಿಗೆ ಒಮ್ಮೆ ಪೆಟ್ಟಾಯಿತು, ಆಮೇಲೆ ಅವರಿಗೆ ಲಾಲ್‌ಬಾಗಿನ ವಾಕಿಂಗ್ ಗೆಳೆಯರು ಸಿಕ್ಕರು. ಮಷೀನಿನ ಮೇಲೆ ಧೂಳು ಕೂತಿತು. ಧೂಳು ಒರೆಸಲು ಹೋದವಳು ನಾನು. ಒರೆಸುತ್ತಾ ಒಂದು ಹ್ಯಾಂಡಲ್ ತಿರುಗಿಸಿದೆ. ಅದು ಎಷ್ಟು ನುಣ್ಣಗೆ, ಎಷ್ಟು ನಿಧಾನವಾಗಿ ಸರಿಯಿತೆಂದರೆ ಇನ್ನೊಂದನ್ನೂ ತಿರುಗಿಸಿದೆ.

ಕಾನ್ವೆಂಟಿನಲ್ಲಿ ನಮಗೆ ಕಸೂತಿ ಹೇಳಿಕೊಡುತ್ತಿದ್ದ ಸಿಸ್ಟರ್ ಬಟ್ಟೆಯ ಮೇಲ್ಭಾಗವನ್ನು ನೋಡುತ್ತಲೇ ಇರಲಿಲ್ಲ, ತಿರುಗಿಸಿ ಹಿಂಬದಿಯನ್ನೇ ನೋಡುತ್ತಿದ್ದರು. ಹಿಂದೆ ಗಂಟು ಕಂಡರೆ ಬಿಚ್ಚಬೇಕು. ಆ ಅಭ್ಯಾಸ ಲೇತಿಗೆ ಸರಿಹೋಯಿತು. ಮೊದಲು ಹಿತ್ತಾಳೆಯ ಒಂದು ಗುಂಡಿ ಮಾಡಿದೆ, ಆಮೇಲೆ ಬುಗುರಿ. ಈ ವರ್ಷ ಇಂಜಿನ್ನಿಗೇ ಕೈ ಹಾಕಿದೆ. ಅದಕ್ಕೆ ನೀರು ಬೇಡ, ಹಬೆ ಬೇಡ. ಕೆಳಗೆ ಸ್ಪಿರಿಟ್ ದೀಪ ಹಚ್ಚಿದರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಪಿಸ್ಟನ್ನನ್ನು ಹಿಂದೆ ಮುಂದೆ ಆಡಿಸುತ್ತದೆ. ಪಿಸ್ಟನ್ ಒಂದು ಚಕ್ರವನ್ನು ತಿರುಗಿಸುತ್ತದೆ.

ಚಕ್ರ ಏನನ್ನು ತಿರುಗಿಸಬೇಕೆಂದು ತೀರ್ಮಾನಿಸಿದವರು ಅತ್ತೆ. ನಮ್ಮ ಮನೆಯ ದಸರಾ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ರಾಗಿಪೈರಿನ ಪಾರ್ಕಿನ ನಡುವೆ, ಅವರ ತವರಿನಿಂದ ಬಂದ ಮರದ ಜೈಂಟ್ ವೀಲ್ ಇದೆ. ಪ್ರತಿವರ್ಷ ಅದನ್ನು ಬೆರಳಲ್ಲಿ ತಿರುಗಿಸುತ್ತಾ ಅವರು ಬಂದವರಿಗೆ ತೋರಿಸುವುದು ವಾಡಿಕೆ. ಈ ವರ್ಷ ನನ್ನ ಇಂಜಿನ್ನಿಗೂ ಅದಕ್ಕೂ ದಾರ ಕಟ್ಟಿ ತಾನಾಗೇ ತಿರುಗಿಸಬೇಕು ಎಂದರು. ಬರೀ ನನಗೆ ಹೇಳಿದ್ದರೆ ಚಿಂತೆಯಿರಲಿಲ್ಲ. ರಸ್ತೆಗೆಲ್ಲ ಹೇಳಿದ್ದರು. "ನವಮಿ ಸಾಯಂಕಾಲ ಬನ್ನಿ, ನಮ್ಮ ಸೊಸೆ ಇಂಜಿನ್ ಮಾಡಿದಾಳೆ, ಬೆಂಕಿ ಹಚ್ಚಿದ್ರೆ ಓಡತ್ತೆ" ಎಂದು ಹೂವಿನವಳಿಂದ ಹಿಡಿದು ಎಲ್ಲರಿಗೂ. ಹಿಂದಿನ ವರ್ಷಗಳಲ್ಲಿ ಇದೇ ಅತ್ತೆ ಲೇತನ್ನು 'ಆಟದ ಸಾಮಾನು' ಎನ್ನುತ್ತಿದ್ದರು. ಆಯುಧಪೂಜೆಯಲ್ಲಿ ಸ್ಕೂಟರಿಗೆ, ಹೊಲಿಗೆ ಮಷೀನಿಗೆ, ಅಷ್ಟೇ ಏಕೆ, ಉಗುರು ಕತ್ತರಿಸುವ ಕಟ್ಟರಿಗೂ ಕುಂಕುಮ ಬೀಳುತ್ತಿತ್ತು. ಟೆರೇಸಿನ ರೂಮಿನತ್ತ ಅವರು ತಲೆ ಎತ್ತುತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಇಂಜಿನ್ನಿಗೆ ಮೊದಲ ಸಲ ದೀಪ ಹಚ್ಚಿದ್ದೆ. ಓಡಿತು. ಟಕಟಕ ಎಂದು ಸ್ವಲ್ಪ ಹೊತ್ತು ಓಡಿ, ಹಿಡಿದುಕೊಂಡು ನಿಂತಿತು. ತಣ್ಣಗಾದ ಮೇಲೆ ಹಚ್ಚಿದರೆ ಮತ್ತೆ ಅಷ್ಟೇ. ಕಾರಣ ತಿಳಿಯಲು ತಡವಾಗಲಿಲ್ಲ. ಪಿಸ್ಟನ್ ಹಿತ್ತಾಳೆಯದು, ಅದು ಓಡಾಡುವ ಕೊಳವೆ ಉಕ್ಕಿನದು. ಬಿಸಿಯಾದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಬಿಗಿಯಾಗುತ್ತದೆ. ಪಿಸ್ಟನ್ನಿನ ಮೈಯಿಂದ ಕೂದಲೆಳೆಗಿಂತ ತೆಳುವಾದ ಒಂದು ಪದರ ಹೆರೆದರೆ ಮುಗಿಯಿತು. ಕಾಫಿ ಆರುವಷ್ಟರಲ್ಲಿ ಆಗುವ ಕೆಲಸ. ಬೆಳಗ್ಗೆ ಪೂಜೆಗೆ ಮೊದಲು ಮಾಡಿಕೊಂಡರಾಯಿತು ಎಂದು ಮಲಗಿದ್ದೆ.

ಅಡುಗೆಮನೆಯದನ್ನೆಲ್ಲ ಪೂಜೆಗೆ ಮೊದಲೇ ಮುಗಿಸಿದವಳು ಇದೊಂದನ್ನು ಕೊನೆಗೆ ಇಟ್ಟುಕೊಂಡೆ. ಬಾಳೆಎಲೆ, ಚೆಂಡುಹೂ, ಕಡ್ಲೆಪುರಿ ತರಲು ರಸ್ತೆಯ ಮೂಲೆಗೆ ಹೋಗಿ, ಮಾವಿನಸೊಪ್ಪಿಗೆ ಹೂವಿನವಳು ಹೇಳಿದ ಬೆಲೆಗೆ ಒಂದೆರಡು ಮಾತಾಡಿ, ವಾಪಸ್ಸು ಬಂದಾಗ ಅತ್ತೆ ಟೆರೇಸಿನ ಮೆಟ್ಟಿಲು ಇಳಿಯುತ್ತಿದ್ದರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಮಂಗಳಾರತಿ ತಟ್ಟೆ. ಮಂಡಿನೋವಿನವರು, ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ ಇಳಿಯುತ್ತಿದ್ದರು.

"ನಿನ್ ಮಷೀನಿಗೇ ಮೊದಲು ಮಾಡ್ದೆ ಕಣೆ," ಎಂದರು. "ಬಿಸಿಲೇರಿದ್ರೆ ನನ್ ಕೈಲಿ ಹತ್ತಕ್ಕಾಗಲ್ಲ. ಹೋಗಿ ನಮಸ್ಕಾರ ಮಾಡ್ಬಾ."

ಕೈಯಲ್ಲಿದ್ದ ಬಾಳೆಎಲೆಯನ್ನು ಎಲ್ಲಿಡಬೇಕೆಂದು ತೋಚದೆ ಹಾಗೇ ಹಿಡಿದು ಮೇಲೆ ಹೋದೆ. ಅವರಿಗೆ ಮಷೀನಿನಲ್ಲಿ ಯಾವುದು ಮುಖ್ಯ ಯಾವುದು ಅಲ್ಲ ಎಂದು ಗೊತ್ತಿಲ್ಲ. ಹಾಗಾಗಿ ಎಲ್ಲಕ್ಕೂ ಇಟ್ಟಿದ್ದರು. ಚಕ್ಕಿಗೆ ವಿಭೂತಿ ಬಳಿದು ಕುಂಕುಮ, ಪ್ರತಿ ಹ್ಯಾಂಡಲಿಗೊಂದು ಬೊಟ್ಟು, ಸ್ವಿಚ್ಚಿಗೆ, ಎಣ್ಣೆಯ ಡಬ್ಬಿಗೆ, ಸ್ಕ್ರೂ ತುಂಬಿದ ಹಳೆಯ ಬಿಸ್ಕತ್ತಿನ ಪೆಟ್ಟಿಗೆಗೆ, ಒರೆಸುವ ಬಟ್ಟೆ ನೇತುಹಾಕುವ ಮೊಳೆಗೆ ಸಹ. ಚಕ್ಕಿನ ಸುತ್ತ ಚೆಂಡುಹೂವಿನ ಹಾರ ಸುತ್ತಿ, ಜಡೆಗೆ ಟೇಪು ಕಟ್ಟುವಂತೆ ಎರಡು ಗಂಟು ಬಿಗಿದಿದ್ದರು. ನಮಸ್ಕಾರ ಮಾಡಿದೆ. ಮಾಡುವಾಗಲೂ ಒದ್ದೆ ಕುಂಕುಮ ಹರಿದು ಮಷೀನಿನ ನುಣುಪಾದ ಹಳಿಯ ಮೇಲೆ ನಿಂತರೆ ತುಕ್ಕು ಹಿಡಿಯುತ್ತದಲ್ಲ ಎಂದು ನೋಡುತ್ತಿದ್ದೆ.

ಆಗಿನಿಂದ ಸಂಜೆಯವರೆಗೆ ನಾನು ಕೂತ ಜಾಗದಲ್ಲಿ ಕೂರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಲು ಹೋಗಿ ಎರಡನೆಯ ಸಲ ಕೈ ಹಿಂದಕ್ಕೆ ತೆಗೆದೆ. ಗೊಂಬೆಗಳ ಮುಂದೆ ನಿಂತು ದಾರದ ಬಿಗಿ ನೋಡಿದೆ. ಇಂಜಿನ್ನಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿದೆ, ತಣ್ಣಗಿದ್ದಾಗ ಎಷ್ಟು ಸಲೀಸು. ಮತ್ತೆ ಅಡುಗೆಮನೆ, ಮತ್ತೆ ಗೊಂಬೆ. ಸ್ಕೂಟರಿಗೆ ಹಾರ ಹಾಕಿ ಒಳಗೆ ಬಂದ ಯಜಮಾನರು ನೋಡಿದರು.

"ಏನಾಯ್ತೇ ನಿಂಗೆ? ಬೋನಲ್ಲಿರೋ ಇಲಿ ಥರ ಓಡಾಡ್ತಿದೀಯ."

ಹೇಳಿದೆ.

"ನಾಳೆ ಮಾಡ್ಕೋ."

"ನಾಳೆ ಬೆಳಗ್ಗೇನೇ ಕುಮಾರ ಪಾರ್ಕಿಗೆ ಹೋಗ್ಬೇಕಲ್ರೀ, ನಿಮ್ಮ ತಮ್ಮನ ಮನೆಗೆ. ವಾಪಸ್ ಬರೋದು ರಾತ್ರಿಗೆ. ಆಮೇಲೆ ಗೊಂಬೆ ಮಲಗಿಸೋದೇ. ಎಲ್ರಿಗೂ ಇವತ್ತು ಬನ್ನಿ ಅಂದಿದಾರೆ ಅತ್ತೆ."

"ಹಂಗಾದ್ರೆ ಹಿಂದ್ಗಡೆ ಒಂದು ಬ್ಯಾಟರಿ ಮೋಟರ್ ಕಟ್ಬಿಡು. ಯಾರಿಗ್ ಗೊತ್ತಾಗತ್ತೆ?"

ನಾನು ದಾರದ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿದೆ.

"ಇಲ್ಲಾಂದ್ರೆ ನಿಮ್ಮ ಕಾನ್ವೆಂಟ್ ಲೆಕ್ಕದಲ್ಲಿ ಮಾಡ್ಕೋ. ಆ ದೇವರಿಗೆ ಇವತ್ತೇನು ಆಯುಧಪೂಜೆ ಇಲ್ವಲ್ಲ."

"ನಿಮಗೆ ತಮಾಷೆ," ಎಂದೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಕಾನ್ವೆಂಟಿನಲ್ಲಿ ಓದಿದವರಿಗೆ ನಿಯಮದ ಅಂಚಿನಲ್ಲಿ ನಡೆಯುವುದು ಚೆನ್ನಾಗಿ ಬರುತ್ತದೆ. ಕರೆಂಟು ಹಾಕದೆ ಚಕ್ಕನ್ನು ಕೈಯಲ್ಲೇ ತಿರುಗಿಸಿದರೆ ಅದು ಮಷೀನು ಉಪಯೋಗಿಸಿದ ಹಾಗೆಯೇ? ಪಿಸ್ಟನ್ನನ್ನು ಸುಮ್ಮನೆ ಎಮರಿ ಕಾಗದದಲ್ಲಿ ಉಜ್ಜಿದರೆ? ಆದರೆ ಕೈಯಲ್ಲಿ ಉಜ್ಜಿದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದು ಗಾಳಿ ಸೋರುತ್ತದೆ, ಅಷ್ಟು ದಿನದ ಕೆಲಸ ಹಾಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಊಟ ಬಡಿಸುವಾಗಲೆಲ್ಲ ಅದನ್ನೇ ಯೋಚಿಸಿದೆ.

ಊಟವಾದ ಮೇಲೆ ಅತ್ತೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಗೊಂಬೆಗಳ ಎದುರು ಕೂತರು. "ಸಾಯಂಕಾಲ ಯಾರು ಬಂದಾಗ ದೀಪ ಹಚ್ತೀಯ? ಎದುರುಮನೆಯವರು ಬಂದಾಗ್ಲೇ ಹಚ್ಚು. ಅವರ ಮನೇಲಿ ಬ್ಯಾಟರಿ ರೈಲು ಓಡತ್ತೆ ಅಂತ ಎಷ್ಟು ವರ್ಷದಿಂದ ಕೇಳ್ತಿದೀನಿ."

ಎದುರುಮನೆಯವರದು ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ಅಂಗಡಿ. ಆ ಮನೆಯಾಕೆಗೂ ಅತ್ತೆಗೂ ಗೊಂಬೆಯ ವಿಷಯದಲ್ಲಿ ಮಾತಿಲ್ಲದ ಪೈಪೋಟಿ. ಇನ್ನು ಸುಮ್ಮನಿದ್ದರೆ ಆಗದು ಎನಿಸಿತು.

"ಅತ್ತೆ, ಇವತ್ತು ಅದು ಓಡಲ್ಲ."

"ಯಾಕೆ? ನಿನ್ನೆ ಸದ್ದು ಕೇಳಿಸ್ತು ನಂಗೆ."

"ಬಿಸಿಯಾದ್ರೆ ಹಿಡ್ಕೊಳತ್ತೆ. ಒಂದು ಚೂರು ಹೆರೀಬೇಕು. ಲೇತಲ್ಲೇ ಆಗ್ಬೇಕು."

ಅವರು ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ನಿಲ್ಲಿಸಿದರು. ಕೈಬೆರಳುಗಳಲ್ಲಿ ಇನ್ನೂ ಕುಂಕುಮದ ಕಲೆ ಇತ್ತು.

"ಮುಂಚೇನೇ ಹೇಳ್ಬಾರ್ದಿತ್ತೆ?"

"ಹೂವು ತಗೊಂಡ್ಬಂದು ಮಾಡೋಣ ಅಂತಿದ್ದೆ."

ಜೈಂಟ್ ವೀಲಿನತ್ತ ತಿರುಗಿದರು. ಆಮೇಲೆ ನನ್ನ ಮುಖ ನೋಡದೆ, "ಹೂವು ತೆಗೆದು ಮಾಡ್ಕೋ ಹೋಗು," ಎಂದರು. "ದೇವರಿಗೆ ನಾನ್ ಹೇಳ್ಕೋತೀನಿ."

ಬಾಯಿಬಿಟ್ಟು ಕೇಳಲು ನನಗೆ ಧೈರ್ಯವಿಲ್ಲದಿದ್ದುದನ್ನು ಅವರೇ ಕೊಟ್ಟಿದ್ದರು. ಮೆಟ್ಟಿಲನ್ನು ಬೇಗಬೇಗ ಹತ್ತಿದೆ. ಪಿಸ್ಟನ್ನನ್ನು ಆಗಲೇ ಬಿಚ್ಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಮಷೀನಿನ ಮೇಲೆ ಬಿದ್ದಿತ್ತು. ವಿಭೂತಿ ಒಣಗಿ, ಮೂರು ಬೆರಳಿನ ಗುರುತು ಚಕ್ಕಿನ ಮೇಲೆ ಬಿಳಿಯಾಗಿ ಕಾಣುತ್ತಿತ್ತು. ನಡುವಿನ ಗೆರೆ ಒಂದು ಕಡೆ ನಡುಗಿತ್ತು. ಗಂಟಿಗೆ ಉಗುರು ಹಾಕಿದೆ. ಒಂದು ಬಿಚ್ಚಿತು. ಎರಡನೆಯದು ಒದ್ದೆ ದಾರದಲ್ಲಿ ಬಿಗಿದಿತ್ತು, ಕತ್ತರಿಸಬೇಕು. ಕತ್ತರಿಗೂ ಪೂಜೆಯಾಗಿತ್ತು.

ಹಲ್ಲಿನಿಂದ ಕಡಿಯಬಹುದಿತ್ತು. ದೇವರು ಮುನಿಯುತ್ತಾನೆಂದು ನಾನು ನಿಲ್ಲಲಿಲ್ಲ, ಅಷ್ಟೊಂದು ಭಯ ನನಗಿಲ್ಲ. ಆ ಮೊಳೆ ಕಣ್ಣಿಗೆ ಬಿತ್ತು, ಒರೆಸುವ ಬಟ್ಟೆ ತೂಗುಹಾಕುವ ಮೊಳೆ, ಅದರ ತಲೆಯ ಮೇಲೆ ಒಂದು ಪುಟ್ಟ ಬೊಟ್ಟು. ಅಷ್ಟು ಎತ್ತರಕ್ಕೆ ಅವರು ಆ ಮಂಡಿನೋವಿನಲ್ಲೂ ಮೇಜು ಹಿಡಿದು, ತುದಿಗಾಲಲ್ಲಿ ನಿಂತಿರಬೇಕು. ನಾನು ಇಷ್ಟು ವರ್ಷ ಇಲ್ಲಿ ಮಾಡಿದ್ದನ್ನು ಮನೆಯಲ್ಲಿ ಒಬ್ಬರಾದರೂ ಕೆಲಸ ಎಂದು ಕರೆಯಬೇಕೆಂದು ಆಸೆಪಟ್ಟಿದ್ದೆ. ಈಗ ಎಲ್ಲವನ್ನೂ ಒರೆಸಿ ಕೆಳಗೆ ಹೋದರೆ ಅವರು ಏನೂ ಅನ್ನುವುದಿಲ್ಲ. ಮುಂದಿನ ವರ್ಷ ಮೆಟ್ಟಿಲು ಹತ್ತುವುದೂ ಇಲ್ಲ.

ಆದರೂ ಕೂಡಲೇ ಇಳಿಯಲಿಲ್ಲ. ಪಿಸ್ಟನ್ನನ್ನು ಅಂಗೈಯಲ್ಲಿ ಉರುಳಿಸುತ್ತಾ ಕಿಟಕಿಗೂ ಮೇಜಿಗೂ ನಡುವೆ ಓಡಾಡಿದೆ. ಇಂಜಿನ್ ಓಡದಿದ್ದರೆ ಮುಖ ಕೆಳಗಾಗುವುದು ನನ್ನದಲ್ಲ, ಅವರದು. ರಸ್ತೆಗೆಲ್ಲ ಹೇಳಿದವರು ಅವರು. ಅವರ ಮಾತು ಉಳಿಸಲು ಅವರ ಪೂಜೆ ಕೆಡಿಸಬೇಕು, ಪೂಜೆ ಉಳಿಸಲು ಮಾತನ್ನು. ಯಾವುದೂ ಸರಿಯೆನಿಸದೆ, ಕೊನೆಗೆ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದೆ.

ಕೆಳಗೆ ಅತ್ತೆ ಮಲಗಿರಲಿಲ್ಲ. "ಆಯ್ತಾ?"

"ಇಲ್ಲ ಅತ್ತೆ. ಬೇಡ. ಇರ್ಲಿ."

"ಮತ್ತೆ ಬಂದೋರಿಗೆ ಏನ್ ಹೇಳೋದೇ?"

ಅವರು ನಿಟ್ಟುಸಿರು ಬಿಟ್ಟು ಎದ್ದು ಪುರಿಗೆ ಒಗ್ಗರಣೆ ಹಾಕಿಕೊಂಡು ಬಾ ಎಂದರು. ಪಿಸ್ಟನ್ನನ್ನು ಅದರ ಜಾಗದಲ್ಲಿ ಕೂರಿಸಿದೆ. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಅವರೇ ಬಂದು ಇಂಜಿನ್ನಿನ ಚಕ್ರಕ್ಕೆ ಒಂದು ಸೇವಂತಿಗೆ ಸಿಕ್ಕಿಸಿ, ಬುಡಕ್ಕೆ ಕುಂಕುಮ ಇಟ್ಟರು. "ಖಾಲಿ ಖಾಲಿ ಕಾಣತ್ತೆ ಪಾಪ," ಎಂದರು.

ಮೊದಲು ಬಂದದ್ದು ಪಕ್ಕದ ಅಪಾರ್ಟ್‌ಮೆಂಟಿನ ಹುಡುಗಿಯರು, ಮೂವರು, ರೇಷ್ಮೆ ಲಂಗದಲ್ಲಿ. ಒಬ್ಬಳು ಮೊಬೈಲು ಹಿಡಿದೇ ಒಳಗೆ ಬಂದಳು. "ಅಜ್ಜಿ, ಇದೇನಾ ಇಂಜಿನ್? ಆನ್ ಮಾಡಿ, ವಿಡಿಯೋ ತಗೋತೀನಿ. ಸ್ವಿಚ್ ಎಲ್ಲಿದೆ?"

"ಅದಕ್ಕೆ ಸ್ವಿಚ್ ಇರಲ್ಲಮ್ಮ," ಎಂದರು ಅತ್ತೆ. ಆಮೇಲೆ ಬಗ್ಗಿ ಬೆರಳಲ್ಲಿ ಜೈಂಟ್ ವೀಲ್ ತಿರುಗಿಸಿದರು. ದಾರದಿಂದಾಗಿ ಇಂಜಿನ್ನಿನ ಚಕ್ರ ಹಿಮ್ಮುಖವಾಗಿ ಒಂದು ಸುತ್ತು ಬಂದು ನಿಂತಿತು. "ಓ," ಎಂದಳು ಹುಡುಗಿ, ತುಂಬಾ ಮರ್ಯಾದೆಯಿಂದ. ನಾನು ತಾಂಬೂಲ ತರುವ ನೆಪದಲ್ಲಿ ಒಳಗೆ ಹೋಗಿ, ಜೋಡಿಸಿದ್ದ ವೀಳ್ಯದೆಲೆಗಳನ್ನೇ ಮತ್ತೊಮ್ಮೆ ಜೋಡಿಸಿದೆ.

ಎದುರುಮನೆಯಾಕೆ ಬಂದದ್ದು ಎಲ್ಲರಿಗಿಂತ ಕೊನೆಗೆ, ಅಂಗಡಿಯ ಪೂಜೆ ಮುಗಿಸಿಕೊಂಡು. ಹಣೆಯ ತುಂಬ ವಿಭೂತಿ, ಕೈಯಲ್ಲಿ ನಮಗೆಂದು ಕಟ್ಟಿಸಿ ತಂದ ಪುರಿಯ ಪೊಟ್ಟಣ. ಅರಿಶಿನ ಕುಂಕುಮ ತೆಗೆದುಕೊಂಡು ನೇರ ಗೊಂಬೆಗಳ ಮುಂದೆ ಹೋಗಿ ಕೂತರು. ಮೇಲಿನ ಮೆಟ್ಟಿಲಿನಿಂದ ಒಂದೊಂದನ್ನೇ ನೋಡುತ್ತಾ ಕೆಳಗೆ ಬಂದರು. ಅತ್ತೆ ಸೆರಗನ್ನು ಎರಡು ಸಲ ಸರಿಪಡಿಸಿಕೊಂಡರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಇದೇನಾ ನಿಮ್ಮ ಸೊಸೆ ಮಾಡಿದ್ದು," ಎಂದರು ಆಕೆ. ಬೆರಳು ತಾಗಿಸದೆ ಬಗ್ಗಿ ನೋಡಿದರು. ಪಿಸ್ಟನ್, ಚಕ್ರ, ಸೇವಂತಿಗೆ, ಬುಡದ ಕುಂಕುಮ.

"ಹೂಂ ಕಣಮ್ಮ," ಎಂದರು ಅತ್ತೆ. "ನಿನ್ನೆ ಓಡಿತ್ತು. ಇವತ್ತು..."

"ಇವತ್ತೆಲ್ಲಿ ಓಡಿಸಕ್ಕಾಗತ್ತೆ ಬಿಡಿ ಅಮ್ಮಾ, ಪೂಜೆ ಆಗಿದೆಯಲ್ಲ," ಎಂದು ಆಕೆ ಆಗಲೇ ಪಕ್ಕದ ಶೆಟ್ಟಿ ಗೊಂಬೆಯತ್ತ ತಿರುಗಿದ್ದರು. "ನಮ್ಮ ಅಂಗಡೀಲಿ ಅಳೆಯೋ ಗಜಾನೂ ನಾಳೆ ತಂಕ ಮುಟ್ಟಲ್ಲ. ಒಂದು ಲೋಟ ನೀರು ಕೊಡ್ತೀರಾ, ಪುರಿ ಗಂಟ್ಲಲ್ಲೇ ನಿಂತಿದೆ."