ಅರಿಸಿನ ಹಚ್ಚಿದ ಸ್ಕೋರ್ ಶೀಟ್

“ಅರಿಷಿಣ ಹಚ್ಚಿದ ಹಾಳಿ ಮ್ಯಾಲ ಸೋತೇನಿ ಅಂತ ಹೆಂಗ ಬರೀಲಿರಿ?” ಎಂದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪೆನ್ನು ಕೆಳಗಿಟ್ಟರು. ರಾಣೆಬೆನ್ನೂರಿನ ನಮ್ಮ ಚೆಸ್ ಕ್ಲಬ್ಬಿನ ಪಂದ್ಯದಲ್ಲಿ ಆಗಷ್ಟೇ ಅವರು ಹಾವೇರಿಯ ನರ್ಸೊಬ್ಬರಿಗೆ ಸೋತಿದ್ದರು. ನಡೆಗಳನ್ನೆಲ್ಲ ಬರೆದಾಗಿತ್ತು, ಫಲಿತಾಂಶ ಬರೆದು ಸಹಿ ಹಾಕುವುದಷ್ಟೇ ಬಾಕಿ.

ಆ ಸ್ಕೋರ್ ಶೀಟ್ ವಿನ್ಯಾಸ ಮಾಡಿದವನು ನಾನೇ. ನಡೆ ಬರೆಯುವ ಗೆರೆ, ಸಹಿಯ ಜಾಗ ಎಲ್ಲ ಅಳೆದು ಕೊಟ್ಟಿದ್ದೆ. ಅರಿಸಿನ ಮಾತ್ರ ನನ್ನದಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನವರು ರೂಢಿಯಂತೆ ಕಟ್ಟಿನ ಮೇಲಿನ ಹಾಳೆಯ ನಾಲ್ಕೂ ಮೂಲೆಗೆ ಹಚ್ಚಿದ್ದರು. ಹಿರಿಯರೆಂದು ಅದನ್ನೇ ಇವರಿಗೆ ಕೊಟ್ಟಿದ್ದೆ.

ಇದಕ್ಕೆ ಯಾವ ನಿಯಮವೋ ತಿಳಿಯದೆ ಬೇರೆ ಹಾಳೆ ಕೊಟ್ಟೆ. ಅವರು ಎಲ್ಲ ನಡೆಗಳನ್ನೂ ನಕಲು ಮಾಡಿ, ಸೋಲು ಬರೆದು ಸಹಿ ಹಾಕಿದರು. ಅರಿಸಿನದ ಹಾಳೆಯನ್ನು ಮಡಚಿ ಕಿಸೆಗಿಟ್ಟುಕೊಂಡರು. ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ನರ್ಸ್ ತಮ್ಮ ಹಾಳೆಯನ್ನು ನನ್ನ ಮುಂದೆ ಹಿಡಿದು, “ಗೆದ್ದಾಕಿ ನಾನು, ನನ್ನ ಹಾಳಿಗ್ಯಾಕ ಅರಿಷಿಣ ಇಲ್ರಿ?” ಎಂದರು.

ಈಗ ಹೊಸ ಕಟ್ಟು ಅಚ್ಚಾಗುತ್ತಿದೆ. ಅರಿಸಿನ ಹಚ್ಚಬೇಕೋ ಬೇಡವೋ ಎಂದು ಪ್ರೆಸ್ಸಿನವರು ಕೇಳುತ್ತಿದ್ದಾರೆ. ಹಚ್ಚಿದರೆ ಸೋತವರಿಗೆ ಕಷ್ಟ, ಹಚ್ಚದಿದ್ದರೆ ಗೆದ್ದವರಿಗೆ ಬೇಸರ. ಯಾರು ಸೋಲುತ್ತಾರೆಂದು ಹಾಳೆ ಹಂಚುವಾಗಲೇ ನನಗೆ ಹೇಗೆ ಗೊತ್ತಾಗಬೇಕು?