ಬೆರಳಕ್ಕನ ಉಪ್ಪಿನ ದಿಂಬು

"ಅಕ್ಕಾ, ನಿಮ್ಮ ದಿಂಬು ಇನ್ಮೇಲೆ ನಿಮ್ದಲ್ವಂತೆ. ಯಂತ್ರದ ಕಂಪನಿಯವ್ರು ಪೇಟೆಂಟ್ ಮಾಡಿಸ್ಕೊಂಡಿದ್ದಾರೆ. ಮೇಜಿನ ಮೇಲೆ ಇಡೋ ಹಾಗಿಲ್ಲ ಅಂತ ಆರ್ಡರ್ ಬಂದಿದೆ."

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಗುರುತಿನ ಚೀಟಿ ಕೇಂದ್ರದೊಳಗೆ ಕಾಲಿಡುವಾಗಲೇ ಬೆರಳಕ್ಕನಿಗೆ ಚೀಟಿ ಮುದ್ರಿಸುವ ಪ್ರಿಂಟರ್‌ನವನಿಂದ ಈ ಸುದ್ದಿ ಸಿಗುತ್ತದೆ.

"ಹಳೇ ಪ್ಯಾಂಟಿನ ಕಾಲಿಗೆ ಉಪ್ಪು ತುಂಬಿದ್ರೆ ಅದಕ್ಕೂ ಪೇಟೆಂಟಾ?" ಎಂದು ಅಕ್ಕ ನಗುತ್ತಾರೆ. ಅವನು ನಗುವುದಿಲ್ಲ. ದಿಂಬು ಆಗಲೇ ಬೀರು ಸೇರಿದೆ. ಬೀಗದ ಕೈ ಮೇಲ್ವಿಚಾರಕರ ಜೇಬಿನಲ್ಲಿದೆ. ಅಕ್ಕ ಮನೆಯಿಂದ ತಂದ ಬಿಸಿನೀರಿನ ಬಾಟಲಿಯನ್ನು ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ನಿಲ್ಲುತ್ತಾರೆ.

ಬೆರಳಕ್ಕ ಎಂಬುದು ಹೊರಗಿನ ಸಾಲು ಇಟ್ಟ ಹೆಸರು. ದಿನಕ್ಕೆ ಐವತ್ತು ಅರವತ್ತು ಜನರ ಬೆರಳು ಹಿಡಿದು ಯಂತ್ರದ ಗಾಜಿಗೆ ಒತ್ತಿಸುವುದು ಅವರ ಕೆಲಸ. ಗಾರೆ ಕಲೆಸಿದ, ಪಾತ್ರೆ ತಿಕ್ಕಿದ, ಬಟ್ಟೆ ಒಗೆದ ಬೆರಳು ಬಂದರೆ ಯಂತ್ರ ಕೆಂಪು ದೀಪ ಹಚ್ಚಿಕೊಂಡು ಮುನಿಸಿಕೊಳ್ಳುತ್ತದೆ. ಸವೆದ ಗೆರೆ ಅದರ ಕಣ್ಣಿಗೆ ಬೀಳುವುದಿಲ್ಲ. ತಿಂಗಳು ತಿಂಗಳೂ ಬೆರಳು ಒಪ್ಪಿಗೆಯಾಗದಿದ್ದರೆ ಚೀಟಿಯಿದ್ದರೂ ಪಿಂಚಣಿಯಿಲ್ಲ.

"ಒಬ್ರು ತಾತ ಬಂದು ಬಂದು ವಾಪಸ್ ಹೋದ್ರು. ಕೊನೇಗೆ ನನ್ನನ್ನೇ ಕೇಳಿದ್ರು, 'ಹಾಗಾದ್ರೆ ನಾನ್ಯಾರು ತಾಯಿ?' ಅಂತ. ಆವತ್ತು ನಂಗೆ ಅನ್ನ ಸೇರ್ಲಿಲ್ಲ," ಎಂದು ಅಕ್ಕ ನೆನೆಯುತ್ತಾರೆ.

ಗಂಡನ ಪ್ಯಾಂಟಿಗೆ ಕತ್ತರಿ ಬಿದ್ದದ್ದು ಆಮೇಲೆ. ಐದು ಬೆರಳಿಗೂ ತಗ್ಗು ಬರುವಂತೆ ಹೊಲಿದ ದಿಂಬು ಅದು. ಬಿಸಿನೀರಿನ ಬಾಟಲಿಗೆ ಸುತ್ತಿಟ್ಟರೆ ಉಪ್ಪು ಬೆಚ್ಚಗಾಗುತ್ತದೆ. ಅದರ ಮೇಲಿಟ್ಟ ಬೆರಳು ತುಸು ಬೆವರಿ, ಇದ್ದಬದ್ದ ಗೆರೆ ಏಳುತ್ತದೆ. ಎಲ್ಲರಿಗೂ ಅಲ್ಲ, ಬಹಳ ಜನರಿಗೆ. ಕಳೆದ ವರ್ಷ ಯಂತ್ರ ರಿಪೇರಿಗೆಂದು ಬಂದ ಕಂಪನಿಯ ಹುಡುಗ ದಿಂಬಿನ ಫೋಟೊ ತೆಗೆದುಕೊಂಡು ಹೋದ.

"ಒಂದು ಮಾತೂ ಕೇಳ್ಲಿಲ್ಲ. ನಾನೇ ಟೀ ತರಿಸಿಕೊಟ್ಟೆ ಬೇರೆ."

ಬೆಳಗ್ಗೆಯೇ ಅಕ್ಕ ವಿಷಯ ತಿಳಿಸಿದ್ದ ವಕೀಲರಿಂದ ಮಧ್ಯಾಹ್ನ ಫೋನ್ ಬರುತ್ತದೆ. ಕಂಪನಿ ಅರ್ಜಿ ಹಾಕುವ ಮೊದಲೇ ದಿಂಬು ಎಲ್ಲರೆದುರು ಬಳಕೆಯಲ್ಲಿತ್ತೆಂದು ತೋರಿಸಿದರೆ ಪೇಟೆಂಟ್ ರದ್ದಾಗಬಹುದು, ನಾಳೆಯೇ ಕೋರ್ಟಿಗೆ ಅರ್ಜಿ ಹಾಕೋಣ, ಸಾಕ್ಷಿ ಬೇಕು ಎನ್ನುತ್ತಾರೆ. ಸಾಕ್ಷಿ ತಲೆಯ ಮೇಲೆಯೇ ಇದೆ: ಮೇಜನ್ನೇ ದಿಟ್ಟಿಸುವ ಕ್ಯಾಮೆರಾ. ಅದರ ಹಳೆಯ ದೃಶ್ಯಗಳೆಲ್ಲ ಕಂಪ್ಯೂಟರಿನಲ್ಲಿ ಉಳಿದಿವೆ.

"ಪೆನ್‌ಡ್ರೈವ್‌ಗೆ ಹಾಕ್ಕೊಡ್ಲಾ? ಯಾರಿಗೂ ಗೊತ್ತಾಗಲ್ಲ," ಎಂದು ಪ್ರಿಂಟರ್‌ನವನು ಪಿಸುಗುಡುತ್ತಾನೆ.

"ಅದ್ರಲ್ಲಿ ಇಲ್ಲಿಗೆ ಬಂದವ್ರ ಮುಖ ಇದೆ, ಚೀಟಿ ನಂಬರ್ ಇದೆ. ಅವ್ರು ಬೆರಳು ಕೊಟ್ಟಿದ್ದು ಚೀಟಿಗೆ, ನನ್ನ ಕೇಸಿಗಲ್ಲ."

"ಅವ್ರ ಒಳ್ಳೇದಕ್ಕೇ ತಾನೆ?"

"ಕೇಳದೆ ತಗೊಂಡ್ರೆ ಆ ಹುಡುಗನಿಗೂ ನನಗೂ ಏನಪ್ಪಾ ವ್ಯತ್ಯಾಸ?"

ಅವನು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಕ್ಕನೇ ಹೇಳುತ್ತಾರೆ: "ಚೀಟಿ ಬೇಡ ಅಂತ ನಾನು ಹೇಳಲ್ಲ. ಆದ್ರೆ ಮನುಷ್ಯ ಎದುರಿಗೇ ಕೂತಿರ್ತಾನೆ. ನಾವು ಯಂತ್ರಾನ ಕೇಳ್ತೀವಿ, ಇವನು ಇವನೇ ಹೌದಾ ಅಂತ."

ಸಂಜೆ ಬಟ್ಟೆ ಒಗೆಯುವ ಅಜ್ಜಿ ಬಂದು ಮೇಜಿನ ಮೇಲೆ ಕಣ್ಣಾಡಿಸುತ್ತಾಳೆ. "ದಿಂಬು ಎಲ್ಲಿ ಮಗಾ?"

ಅಜ್ಜಿಯ ಎರಡೂ ಕೈಗಳನ್ನು ಅಕ್ಕ ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತಾರೆ, ಉಜ್ಜುತ್ತಲೇ ನಡೆದದ್ದನ್ನೆಲ್ಲ ಹೇಳುತ್ತಾರೆ. ಗಾಜಿಗೆ ಬೆರಳಿಟ್ಟರೆ ಕೆಂಪು. ಮತ್ತೆ ಉಜ್ಜಿದರೂ ಕೆಂಪು. ಈ ತಿಂಗಳ ಪಿಂಚಣಿ ಹೋದಂತೆಯೇ.

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. "ಆ ಕ್ಯಾಮೆರಾ ಗೀಮೆರಾ ಕೊಡ್ಬೇಡ. ನನ್ನ ಮುಖಾನ ನಾನೇ ಹೊತ್ಕೊಂಡು ಬರ್ತೀನಿ. ಎಲ್ಲಿಗೆ ಬರ್ಬೇಕು ಹೇಳು."

"ಒಬ್ರ ಮಾತು ಸಾಲೋದು ಕಷ್ಟ ಅಂದ್ರು ವಕೀಲ್ರು."

"ಸಾಲದಿದ್ರೆ ಇಬ್ರೂ ವಾಪಸ್ ಬರೋಣ. ಗೆದ್ರೆ ನಿಂಗೇನು ಬೇಕು, ದುಡ್ಡಾ?"

"ದುಡ್ಡೂ ಬೇಡ, ಹೆಸರೂ ಬೇಡ ಅಜ್ಜಿ. ದಿಂಬು ಮೇಜಿಗೆ ಬಂದ್ರೆ ಸಾಕು."

ಅಕ್ಕ ತಣ್ಣಗಾದ ಬಾಟಲಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಶಟರ್ ಎಳೆಯುತ್ತಾರೆ.

"ನಾಳೆ ಹತ್ತಕ್ಕೆ, ಕೋರ್ಟಿನ ಗೇಟ್ ಹತ್ರ. ಚೀಟಿ ತನ್ನಿ. ನೀವ್ಯಾರು ಅಂತ ಅಲ್ಲೂ ಕೇಳ್ತಾರೆ."