ಅವ್ವನ ಎಡ ಅಂಗೈ

ಮೊದಲು ಬಿಳಿಚಿದ್ದು ನಡುಬೆರಳು. ಅಥವಾ ಉಂಗುರದ ಬೆರಳೇ? ಒಂದೊಂದು ಸಲ ಒಂದೊಂದು ನೆನಪಾಗುತ್ತದೆ, ಯಾವುದನ್ನೂ ನಂಬಲಾರೆ. ಬಣ್ಣಗಳು ಮಾತ್ರ ಖಚಿತ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಅವ್ವ ಬೆಳಿಗ್ಗೆ ತಣ್ಣೀರಲ್ಲಿ ಮಿಂದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಬೆರಳುಗಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು. ಆಮೇಲೆ ನೀಲಿ. ಬಿಸಿಲಿಗೆ ಹಿಡಿದರೆ ಕೆಂಪು, ಉರಿ.

"ಬಳ್ಳಾರ್ಯಾಗ ಥಂಡಿ ಹತ್ತೈತಂದ್ರ ನಾಯಿಗೋಳೂ ನಗತಾವಕ್ಕಾ," ಎಂದು ಪಕ್ಕದ ಮನೆಯಾಕೆ ಛೇಡಿಸುತ್ತಿದ್ದಳು. ಅವ್ವನೂ ನಗುತ್ತಿದ್ದಳು. ಅವಳ ಭಯ ನನಗೊಬ್ಬಳಿಗೇ ಗೊತ್ತಿತ್ತು: ಬೆರಳಿಗೆ ಸ್ಪರ್ಶ ತಿಳಿಯದೆ ಲಿಂಗ ಕೈಜಾರಿ ಬಿದ್ದರೆ? ಚಿಕ್ಕಂದಿನಲ್ಲಿ ಕುರುಗೋಡಿನ ತವರಿನಲ್ಲಿ ಕಟ್ಟಿದ ಲಿಂಗ. ಒಮ್ಮೆಯೂ ನೆಲ ಕಂಡಿರಲಿಲ್ಲ. ಬಿದ್ದರೆ ತಾನು ಇದ್ದೂ ಇಲ್ಲದಂತೆ ಎಂದು ನಂಬಿದವಳು.

ಡಾಕ್ಟರು ಕೇಳುತ್ತಾ ಹೋದರು. ತಂಬಾಕು? ಇಲ್ಲ. ಕೈ ನಡುಗಿಸುವ ಮಷಿನ್ ಕೆಲಸ? ವರ್ಷಗಟ್ಟಲೆ ಮನೆಯಲ್ಲೇ ಜೀನ್ಸ್ ಹೊಲಿದಿದ್ದಳು. ಸದ್ಯ, ಅಷ್ಟೇ ಇರಬೇಕು ಎಂದು ನನಗೆ ಸಮಾಧಾನವಾಯಿತು. ಅವರಿಗೆ ಆಗಲಿಲ್ಲ. ಚಳಿಗೆ, ಚಿಂತೆಗೆ ಬೆರಳಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುವುದುಂಟು. ಹಲವರಿಗೆ ಅಷ್ಟಕ್ಕೇ ಮುಗಿಯುತ್ತದೆ, ಕೆಲವರಲ್ಲಿ ಹಿಂದೆ ಬೇರೆ ಕಾಯಿಲೆ ಇರುತ್ತದೆ ಎಂದು ರಕ್ತಪರೀಕ್ಷೆ ಬರೆದರು.

"ಕೈ ಬೆಚ್ಚಗಿಡ್ರಿ ಅಮ್ಮಾ. ಗ್ಲೌಸ್ ಹಾಕ್ರಿ."

"ಗ್ಲೌಸ್ ಹಾಕ್ಕೊಂಡು ಲಿಂಗಪೂಜಿ ಮಾಡ್ಲೇನ್ರಿ?"

ಬೇರೆ ಕಾಯಿಲೆಯೇ ಇತ್ತು. ಬೆರಳ ಚರ್ಮ ಬಿಗಿದು ಗಟ್ಟಿಯಾಯಿತು, ಅಂಗೈ ಪೂರ್ತಿ ಬಿಚ್ಚಲೂ ಮಡಚಲೂ ಬಾರದಾಯಿತು. ನಂತರ ಅದು ಶ್ವಾಸಕೋಶಕ್ಕೂ ಇಳಿಯಿತು. ನಾನು ದಿನಾ ನೀರು ಕಾಯಿಸಿಕೊಡತೊಡಗಿದೆ. ಆದರೂ ಒಂದು ಬೆಳಿಗ್ಗೆ ಪೂಜೆಯ ನಡುವೆಯೇ ಕರೆದಳು.

"ಇಲ್ಲಿ ಬಾ ಯವ್ವಾ. ನನ್ ಕೈ ಕೆಳಗ ನಿನ್ನ ಕೈ ಇಡು. ಲಿಂಗ ಐತೇನ್ ನೋಡು, ನನಗ ತಿಳೀವಲ್ದು."

"ಐತಿ ಬೇ."

"ಕಣ್ ಮುಚ್ಚಿರತೀನಿ. ಹೇಳಿಕೋತ ಇರು."

ಅಂದಿನಿಂದ ಅವಳ ಪೂಜೆ ಮುಗಿಯುವವರೆಗೆ ನನ್ನ ಅಂಗೈ ಅವಳ ಅಂಗೈ ಕೆಳಗೆ. ಐತಿ, ಐತಿ ಎನ್ನುತ್ತಿದ್ದೆ. ಲಿಂಗ ಬೀಳಲಿಲ್ಲ.

ಕುರುಗೋಡಿನ ತವರಿನ ಹೊಲದಲ್ಲಿ ಅವಳನ್ನು ಸಮಾಧಿಯಲ್ಲಿ ಕೂರಿಸಿದಾಗ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ಬೆರಳುಗಳು ಮಡಚಲಿಲ್ಲ. ನಾನು ಗುಂಡಿಗಿಳಿದು, ಅವಳ ಕೈ ಕೆಳಗೆ ನನ್ನ ಕೈ ಇಟ್ಟೆ.

ಸಿರುಗುಪ್ಪದಿಂದ ಬಂದಿದ್ದ ಅಣ್ಣ ಈಗಲೂ ಹೇಳುತ್ತಾನೆ: "ನೀ ಇಳೀಲಿಲ್ಲಬೇ. ಮ್ಯಾಲೆ ನಿಂತು ಸುಮ್ಮನ ಕೈ ಚಾಚಿದ್ದಿ. ನಾನಽ ಹಿಡಕೊಂಡಿದ್ನೆಲ್ಲ ನಿನ್ನ."

ಇರಬಹುದು. ಹಾಗಾದರೆ ನನ್ನ ಅಂಗೈಯಲ್ಲಿ ಉಳಿದಿರುವ ಆ ತಣ್ಣನೆಯ ಭಾರ ಅಂದಿನದಲ್ಲ. ಲಿಂಗ ಐತೇನ್ ಎಂದು ಅವಳು ಇನ್ನೂ ಕೇಳುತ್ತಿದ್ದ ಯಾವುದೋ ಬೆಳಗಿನದು.